ಹಾಲಮ್ಮನ ಮಗ ಥ್ಯಾಂಕ್ಯೂ ಕಲಿತದ್ದು

ಎಲ್ಲರ ಕೈಗೂ ಮಂಡಕ್ಕಿ ಬಂತಾ? ಬಂದಿದ್ದರೆ ಬಾಯಿಗೆ ಹಾಕಿಕೊಳ್ಳಿ, ಕಿವಿ ಇತ್ತ ಕೊಡಿ. ಇದು ಮಂಡಕ್ಕಿ ಹುರಿಯುವವಳ ಮಗನ ಕತೆ.

ದಾವಣಗೆರೆ ಸೀಮೆಯಲ್ಲಿ ಒಂದೂರು. ಊರಿನ ತುದಿಗೆ ಮಂಡಕ್ಕಿ ಭಟ್ಟಿ. ಭಟ್ಟಿಯಲ್ಲಿ ಹಾಲಮ್ಮ. ಹಾಲಮ್ಮನಿಗೆ ಗಂಡ ಇಲ್ಲ, ಇರುವವನು ಒಬ್ಬನೇ ಮಗ ತಿಪ್ಪೇಶಿ. ಬೆಳಗಿನಿಂದ ಸಂಜೆಯವರೆಗೆ ಅವಳು ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ತಿಪ್ಪೇಶಿ ಅವಳನ್ನು ಹುರಿಯುತ್ತಾನೆ.

ಹುಡುಗ ತುಂಟನಾ? ಅಲ್ಲ. ಹಟಮಾರಿಯಾ? ಅಲ್ಲ. ಹೇಳಿದ ಮಾತು ಮೀರುವವನಾ? ಅಯ್ಯೋ, ಮೀರಿದ್ದರೆ ಎಷ್ಟೋ ಚೆನ್ನಾಗಿತ್ತು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಎಳ್ಳಷ್ಟು ಹೆಚ್ಚಿಲ್ಲ, ಒಂದು ಎಳ್ಳಷ್ಟು ಕಡಿಮೆ ಇಲ್ಲ. ಅದೇ ತಾಪತ್ರಯ.

ಒಂದು ದಿನ ಹಾಲಮ್ಮ ಅಂಗಳದಲ್ಲಿ ಅಕ್ಕಿ ಹರವಿದಳು. "ತಿಪ್ಪೇಶಿ, ಇಲ್ಲೇ ಕುಂತ್ಕ. ಕಾಗೆ ಬಂದ್ರೆ ಓಡಿಸು" ಅಂದಳು. ಹುಡುಗ ಕೋಲು ಹಿಡಿದು ಕೂತ. ಮೇಕೆ ಬಂತು. ಮೇಕೆಯ ಹಿಂದೆ ಮರಿ ಬಂತು. ತಾಯಿ ಮರಿ ಎರಡೂ ಹೊಟ್ಟೆ ಬಿರಿಯ ಅಕ್ಕಿ ತಿಂದವು. ಹುಡುಗ ಪಿಳಿಪಿಳಿ ನೋಡುತ್ತ ಕೂತ.

"ಅಯ್ಯೋ ನನ್ ಮಗನೇ! ಕಣ್ಣು ಕಾಣಲ್ಲೇನೋ?"

"ಕಾಣ್ತಾವವ್ವ. ಒಂದು ಕಾಗೇನೂ ಬಂದಿಲ್ಲ!"

ಭಟ್ಟಿ ಹಾಲಮ್ಮನ ಅಣ್ಣ ಅಜ್ಜಪ್ಪನದು. ಅಕ್ಕಿಯೂ ಅವನದೇ. ಅವನು ಬಂದ, ಖಾಲಿ ಅಂಗಳ ನೋಡಿದ, ಮೀಸೆ ತಿರುವಿದ.

"ಹಾಲವ್ವ, ಇವನ ತಲೆಗೆ ಕನ್ನಡನೇ ಹತ್ತಲ್ಲ. ಸಾಲೆನಾಗೆ ಇವನಿಗೆ ಇಂಗ್ಲಿಷ್ ಬ್ಯಾರೆ ಕಲಿಸ್ತಾರಂತೆ! ಬಿಡಿಸಿಬಿಡು. ನಂತಾವ ಭಟ್ಟೀಗೆ ಹಾಕು. ಉರಿಗೆ ಹೊಟ್ಟು ಹಾಕಾಕೆ ಬುದ್ಧಿ ಬೇಕಾಗಿಲ್ಲ."

ಆ ಉರಿಯ ಮುಂದೆ ಕೂತು ಕೂತು ಹಾಲಮ್ಮನ ಕಣ್ಣು ಕೆಂಪಗಾಗಿದ್ದವು, ಕೆಮ್ಮು ಎದೆಯಲ್ಲೇ ಮನೆ ಮಾಡಿತ್ತು. ಮಗನೂ ಅಲ್ಲೇ ಬಂದು ಕೂರುವುದೇ? ಅವಳು ಅಣ್ಣನ ಮುಂದೆ ಸೆರಗೊಡ್ಡಿ ನಿಂತಳು.

"ಈ ವರ್ಷ ಒಂದು ನೋಡಣ್ಣ. ಇಂಗ್ಲಿಷಿಗೆ ಹೊಸಾ ಮಿಸ್ನೋರು ಬಂದಾರೆ."

"ಆಯ್ತು. ಗ್ಯಾದರಿಂಗಿಗೆ ನಾನೇ ಬಂದು ಮುಂದೆ ಕುಂದ್ರುತೀನಿ. ಗಿಣಿ ಪಾಠ ಬ್ಯಾಡ, ಬಾಯಿಪಾಠ ಬ್ಯಾಡ. ಇವನದ್ದೇ ಸ್ವಂತ ಇಂಗ್ಲಿಷ್ ಒಂದೇ ಒಂದು ಮಾತು ಬರ್ಲಿ, ಓದಿಸು. ಬರಲಿಲ್ಲ ಅಂದ್ರೆ ಮಾರನೇ ದಿನ ಭಟ್ಟಿ!"

ಗ್ಯಾದರಿಂಗು ಅಂದರೆ ವರ್ಷದ ಕೊನೆಗೆ ಶಾಲೆಯಲ್ಲಿ ಮಾಡುವ ಹಬ್ಬ. ಅಲ್ಲಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಹಾಲಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಗಲ್ಲ ಹಿಡಿದು ಹೇಳಿದಳು:

"ನೋಡಪ್ಪ, ನಿಂಗೇನೂ ಗೊತ್ತಾಗಲ್ಲ. ಅದ್ಕೇ ಮಿಸ್ನೋರು ಏನು ಹೇಳ್ತಾರೋ ಅದನ್ನೇ ಹೇಳು. ಒಂದಕ್ಷರ ಬಿಡಬ್ಯಾಡ."

"ಹೂಂ ಅವ್ವ!"

ಹೊಸ ಮಿಸ್ಸಿನ ಹೆಸರು ಮೆಹರುನ್ನೀಸಾ. ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು, ಕಡ್ಡಿಯಂಥ ಮೈ. ಒಳಗೆ ಬಂದವರೇ "ಗುಡ್ ಮಾರ್ನಿಂಗ್" ಅಂದರು.

"ಗುಡ್ ಮಾರ್ನಿಂಗ್!" ಅಂದ ತಿಪ್ಪೇಶಿ. ಮಿಸ್ಸಿಗೆ ಸಂತೋಷವಾಯಿತು.

"ಸಿಟ್ ಡೌನ್" ಅಂದರು. ಎಲ್ಲರೂ ಕೂತರು. ತಿಪ್ಪೇಶಿ ನಿಂತುಕೊಂಡೇ "ಸಿಟ್ ಡೌನ್!" ಅಂದ.

"ಯಾಕಪ್ಪ ನಿಂತಿದ್ದೀಯಾ?"

"ಯಾಕಪ್ಪ ನಿಂತಿದ್ದೀಯಾ?"

"ಏಯ್, ನಿನಗೇ ಹೇಳಿದ್ದು!"

"ಏಯ್, ನಿನಗೇ ಹೇಳಿದ್ದು!"

ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಗಲಾಟೆ ಕೇಳಿ ಹೆಡ್ಮಾಸ್ಟರು ಓಡಿ ಬಂದರು. ಮಿಸ್ಸು ತಿಪ್ಪೇಶಿಯ ಕಡೆ ಬೆರಳು ತೋರಿಸಿ, "ಏನಿಲ್ಲ ಸಾರ್, ಈ ಹುಡುಗ ಸ್ವಲ್ಪ ಒಂಥರಾ" ಅಂದರು. ತಿಪ್ಪೇಶಿಯೂ ಬೆರಳು ಎತ್ತಿದ, ಹೆಡ್ಮಾಸ್ಟರ ಕಡೆ ತೋರಿಸಿದ, "ಏನಿಲ್ಲ ಸಾರ್, ಈ ಹುಡುಗ ಸ್ವಲ್ಪ ಒಂಥರಾ!" ಅಂದ.

ಹಾಲಮ್ಮನಿಗೆ ಕರೆ ಹೋಯಿತು. ಕೈಯಲ್ಲಿದ್ದ ಮಸಿ ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಹೆಡ್ಮಾಸ್ಟರು ಬೈದರು. ಬೈದದ್ದಕ್ಕೆಲ್ಲ ತಲೆ ಬಗ್ಗಿಸಿ ನಿಂತಳು. ಈ ಬಾಗಿಲಲ್ಲಿ ಹೀಗೆ ನಿಲ್ಲುವುದು ಅವಳಿಗೆ ಹೊಸದಲ್ಲ. ಹೊಸದಾಗಿದ್ದು ಆಮೇಲಿನ ಮಾತು. ಮಿಸ್ಸು ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ನಗು ತಡೆಯುತ್ತ ಹೇಳಿದರು:

"ನೋಡಿ ಹಾಲಮ್ಮ, ಇವನು ಕೇಳಿದ್ದನ್ನ ಒಂದಕ್ಷರ ತಪ್ಪದೆ ಹೇಳ್ತಾನೆ. ಎಂಥ ಕಿವಿ ರೀ ಇವನದು! ಇಂಗ್ಲಿಷ್ ಕಲಿಯೋಕೆ ಮೊದಲು ಬೇಕಾಗಿರೋದೇ ಅದು."

ಮಗ ಹುಟ್ಟಿದ ಮೇಲೆ ಅವನ ಬಗ್ಗೆ ಒಳ್ಳೆಯ ಮಾತು ಹಾಲಮ್ಮ ಕೇಳಿದ್ದು ಅದೇ ಮೊದಲು. ಅವಳಿಗೆ ಅಲ್ಲೇ ಮಿಸ್ಸಿನ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ, ನಾಚಿಕೆಯಾಯಿತು.

ಮಿಸ್ಸು ತಿಪ್ಪೇಶಿಗೆ ಹೇಳಿದರು: "ನಾನು ಹೇಳಿದ್ದನ್ನೇ ಹೇಳಬೇಡಪ್ಪ. ನಿನಗೆ ಗೊತ್ತಿರೋದನ್ನ ಹೇಳು. ಆದರೆ ಶಾಲೆ ಗೇಟಿನೊಳಗೆ ಬಂದ ಮೇಲೆ ಇಂಗ್ಲಿಷಲ್ಲೇ ಮಾತಾಡು. ತಪ್ಪಾದರೂ ಪರವಾಗಿಲ್ಲ, ಕನ್ನಡ ಬೇಡ."

"ಹೂಂ ಮಿಸ್!"

ಒಂದು ವಾರದ ಮೇಲೆ ಬಿಸಿಯೂಟದ ಕೋಣೆಯ ಮುಂದೆ ಸೊಪ್ಪು, ಕುಂಬಳಕಾಯಿ, ಟೊಮೆಟೊ ರಾಶಿ ಹಾಕಿದ್ದರು. ಅಡಿಗೆಯವಳು ನೀರಿಗೆ ಹೋಗಿದ್ದಳು. ಪಕ್ಕದ ಮನೆಯ ರೇವಕ್ಕಜ್ಜಿಯ ಕೆಂದ ಹಸು ಗೇಟಿನಲ್ಲಿ ನುಗ್ಗಿತು. ನೋಡಿದವನು ಯಾರು? ತಿಪ್ಪೇಶಿ! ಹೇಳಬೇಕು. ಆದರೆ ಗೇಟಿನೊಳಗೆ ಇದ್ದಾನೆ. ಕನ್ನಡ ಬೇಡ!

ಓಡಿದ, ಆಫೀಸು ಕೋಣೆಯ ಬಾಗಿಲಲ್ಲಿ ನಿಂತ. ಗೊತ್ತಿದ್ದ ಇಂಗ್ಲಿಷನ್ನೆಲ್ಲ ಗಂಟಲು ಹರಿಯುವ ಹಾಗೆ ಕೂಗಿದ.

"ಗುಡ್ ಮಾರ್ನಿಂಗ್! ಒನ್ ಟೂ ತ್ರೀ! ಮೈ ನೇಮ್ ಈಸ್ ತಿಪ್ಪೇಶಿ! ಮ್ಯಾಂಗೋ!"

ಹೆಡ್ಮಾಸ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಭಲೇ! ಎಷ್ಟು ಧೈರ್ಯವಾಗಿ ಮಾತಾಡ್ತಾನೆ ನೋಡ್ರಿ! ಇನ್ನೊಂದು ಸಲ ಹೇಳಪ್ಪ!"

ಹುಡುಗ ಕುಣಿದಾಡಿದ, ಕೈ ತೋರಿಸಿದ, ಬೆವೆತುಹೋದ. "ಮ್ಯಾಂಗೋ! ಮ್ಯಾಂಗೋ! ಒನ್ ಟೂ ತ್ರೀ!"

"ಆಕ್ಷನ್ ಬೇರೆ ಮಾಡ್ತಾನೆ!" ಅಂತ ಮೇಷ್ಟರುಗಳೆಲ್ಲ ಸೇರಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದು ಹೊರಗೆ ಬಂದು ನೋಡಿದರೆ ಸೊಪ್ಪಿಲ್ಲ, ಟೊಮೆಟೊ ಇಲ್ಲ, ಕುಂಬಳಕಾಯಿ ಅರ್ಧ ಇದೆ. ಅವತ್ತು ಮಕ್ಕಳಿಗೆಲ್ಲ ಬರೀ ಬೇಳೆಕಟ್ಟಿನ ಸಾರು.

ಮತ್ತೆ ಹಾಲಮ್ಮನಿಗೆ ಕರೆ. ಮತ್ತೆ ಬೈಗುಳ. ಮಿಸ್ಸು ಹುಡುಗನನ್ನು ಹತ್ತಿರ ಕರೆದು ಕೇಳಿದರು: "ಕೌ ಅಂತ ಪಾಠ ಮಾಡಿದ್ದೆನಲ್ಲಪ್ಪ. ಕೌ ಅಂದಿದ್ದರೆ ಸಾಕಿತ್ತಲ್ಲ?"

ತಿಪ್ಪೇಶಿ ಬೆಪ್ಪಾಗಿ ನೋಡಿದ. "ಕೌ ಪುಸ್ತಕದಾಗೈತಲ್ಲ ಮಿಸ್! ಬೆಳ್ಳಗೈತೆ, ಮೈಮ್ಯಾಲೆ ಕರೇ ಮಚ್ಚೆ ಅದಾವೆ. ಇದು ರೇವಕ್ಕಜ್ಜಿ ದನ!"

ಎಲ್ಲರೂ ನಕ್ಕರು. ಮಿಸ್ಸು ನಗಲಿಲ್ಲ. ಹಾಲಮ್ಮನಿಗೆ ಹೇಳಿದರು: "ತಪ್ಪು ನನ್ನದು ಹಾಲಮ್ಮ. ಇಂಗ್ಲಿಷು ಪುಸ್ತಕದ ಸಾಮಾನಿಗೆ ಮಾತ್ರ ಅಂತ ಇವನು ತಿಳಿದಿದ್ದಾನೆ. ಮನೆ ಸಾಮಾನಿಗೂ ಅಂತ ಗೊತ್ತಾಗಬೇಕು." ತಾವೇ ಕೂತು ಚೀಟಿಗಳ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದುಕೊಟ್ಟರು. "ತಿಪ್ಪೇಶಿ, ಮನೆಯಲ್ಲಿ ಯಾವುದಕ್ಕೆ ಯಾವ ಹೆಸರೋ ಅದಕ್ಕೆ ಅದನ್ನ ಅಂಟಿಸು. ಒಂದನ್ನೂ ಬಿಡಬೇಡ."

"ಹೂಂ ಮಿಸ್!"

ಬಿಡುತ್ತಾನೆಯೇ? ಮೈದಾ ಹಿಟ್ಟು ಕುದಿಸಿ ಅಂಟು ಮಾಡಿದ. ಬಾಗಿಲಿಗೆ ಬಾಗಿಲಿನ ಚೀಟಿ. ಬೀಗಕ್ಕೆ ಬೀಗದ ಚೀಟಿ, ಅದೂ ಸರಿಯಾಗಿ ಬೀಗದ ಕೈ ಹಾಕುವ ತೂತಿನ ಮೇಲೆ. ಭಟ್ಟಿಯಿಂದ ಸುಸ್ತಾಗಿ ಬಂದ ಹಾಲಮ್ಮ ಬೀಗ ತೆಗೆಯಲಾರದೆ ಹೊರಗೇ ಕೂತಳು. ಹುಡುಗ ಕಿಟಕಿಯಲ್ಲಿ ನುಗ್ಗಿ ಒಳಗೆ ಹೋಗಿ ಮಡಕೆಗೆ ಅಂಟಿಸಿದ, ಚಾಪೆಗೆ ಅಂಟಿಸಿದ. ರಾತ್ರಿಗೆಂದು ಇಟ್ಟಿದ್ದ ರೊಟ್ಟಿಗೂ ಅಂಟಿಸಿದ. ಒಲೆ ಹಚ್ಚಿ ಬೆಂಕಿಗೆ ಅಂಟಿಸಿದ. ಸುಟ್ಟಿತು. ಇನ್ನೊಂದು ಬರೆದು ಅಂಟಿಸಿದ. ಅದೂ ಸುಟ್ಟಿತು.

"ಅವ್ವಾ, ಬೆಂಕಿಗೆ ಅಂಟು ಸಾಲವಲ್ದು!"

ಕೈಯಲ್ಲಿ ಇನ್ನೂ ಒಂದು ಚೀಟಿ ಉಳಿದಿತ್ತು. ಅದರ ಮೇಲೆ ಅಂಕಲ್ ಅಂತ ಇತ್ತು. ಮಾರನೇ ದಿನ ಭಟ್ಟಿಯ ಜಗಲಿಯಲ್ಲಿ ಅಜ್ಜಪ್ಪ ಮಗ್ಗುಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಬೆನ್ನು ಅಗಲವಾಗಿತ್ತು. ತಿಪ್ಪೇಶಿ ಚೆನ್ನಾಗಿ ಅಂಟು ಬಳಿದು ಅಂಟಿಸಿದ. ಅಜ್ಜಪ್ಪ ಎದ್ದು ಹಾಗೇ ಸಂತೆಗೆ ಹೋದ. ಸಂತೆಯಲ್ಲಿ ಚಿಕ್ಕವರು ದೊಡ್ಡವರು, ಮೆಣಸಿನಕಾಯಿ ಮಾರುವ ಮುದುಕಿ ಸಮೇತ, "ಅಂಕಲ್, ನಮಸ್ಕಾರ! ಅಂಕಲ್, ಮಂಡಕ್ಕಿ ಹೆಂಗೆ?" ಅಂತ ಕರೆದದ್ದೇ ಕರೆದದ್ದು. ಮನೆಗೆ ಬಂದವನೇ ಅಂಗಿ ಕಳಚಿ ನೋಡಿದ. ಹುಡುಗನ ಕಿವಿ ಹಿಂಡಿ, "ಹಾಲವ್ವ! ಗ್ಯಾದರಿಂಗು ಆಗೋದೇ ತಡ, ಇವನು ಭಟ್ಟೀಗೆ! ಹೇಳಿಬಿಟ್ಟೀನಿ!" ಅಂತ ಗುಡುಗಿದ.

ಸಂಜೆ ಮಿಸ್ಸು ತಾವೇ ಮನೆಗೆ ಬಂದರು. ಬಾಗಿಲಿನ ಚೀಟಿ ನೋಡಿದರು, ಮಡಕೆಯ ಚೀಟಿ ನೋಡಿದರು. ಕಣ್ಣರಳಿತು. "ಎಲ್ಲಾ ಸರಿಯಾಗಿ ಅಂಟಿಸಿದ್ದಾನೆ ಹಾಲಮ್ಮ! ಒಂದೂ ತಪ್ಪಿಲ್ಲ! ಮನುಷ್ಯರಿಗೆ ಮಾತ್ರ ಅಂಟಿಸಬಾರದು ಕಣಪ್ಪ."

ಹಾಲಮ್ಮ ಮಣೆ ಹಾಕಿದಳು. ಒಂದು ತುತ್ತು ಉಣ್ಣಿ ಅಂದಳು. "ಬಸ್ಸು ತಪ್ಪುತ್ತೆ" ಅಂದರು ಮಿಸ್ಸು. ಆ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲವೆಂದೂ, ಬರುವಾಗಲೂ ಹೋಗುವಾಗಲೂ ನಿಂತೇ ಇರಬೇಕೆಂದೂ ಹಾಲಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆ ಹಸಿದು ಬಂದ ಮಕ್ಕಳಿಗೆ ತಮ್ಮ ಡಬ್ಬಿ ಕೊಟ್ಟು ಮಿಸ್ಸು ಉಪವಾಸ ಇರುತ್ತಾರೆ ಅಂತ ತಿಪ್ಪೇಶಿ ಬಂದು ಹೇಳುತ್ತಿದ್ದ. ಏನೋ ಹೇಳಬೇಕು ಅಂತ ಹಾಲಮ್ಮನ ಎದೆ ತುಂಬಿ ಬಂತು. ಏನು ಹೇಳಬೇಕು ಅಂತ ತಿಳಿಯಲಿಲ್ಲ. ಒಂದು ಚೀಲದಲ್ಲಿ ಮಂಡಕ್ಕಿ ತುಂಬಿ ಕೈಗಿಟ್ಟಳು.

ಮಿಸ್ಸು "ಥ್ಯಾಂಕ್ಯೂ ಹಾಲಮ್ಮ" ಅಂದರು. ಹುಡುಗನ ಕಡೆ ತಿರುಗಿ, "ನೋಡಿದೆಯಾ? ಯಾರು ಏನು ಕೊಟ್ಟರೂ ಹೀಗನ್ನಬೇಕು. ನಿಮ್ಮ ಮಾವನಿಗೂ ಅನ್ನು, ಅವರ ಸಿಟ್ಟು ಇಳಿಯುತ್ತೆ" ಅಂದರು.

"ಹೂಂ ಮಿಸ್!"

ಮಾರನೇ ದಿನ ತಿಪ್ಪೇಶಿ ಭಟ್ಟಿಯಲ್ಲಿ ಆಡುತ್ತ ಆಡುತ್ತ ಒಂದು ಮೂಟೆ ಮಂಡಕ್ಕಿ ಕೆಡವಿದ. ಅಜ್ಜಪ್ಪ ಬೆನ್ನಿಗೆ ಒಂದು ಕೊಟ್ಟ.

"ಥ್ಯಾಂಕ್ಯೂ ಮಾವ!"

"ಏನಲೇ ಅಂದೆ?" ಅಂತ ಇನ್ನೊಂದು ಕೊಟ್ಟ.

"ಥ್ಯಾಂಕ್ಯೂ ಮಾವ!"

"ಅಣಕ ಮಾಡ್ತೀಯೇನಲೇ ನನ್ನ?"

"ಥ್ಯಾಂಕ್ಯೂ ಮಾವ! ಥ್ಯಾಂಕ್ಯೂ ಮಾವ!"

ಕೊಟ್ಟು ಕೊಟ್ಟು ಅಜ್ಜಪ್ಪನಿಗೇ ಕೈ ಸೋತಿತು. ಹಾಲಮ್ಮ ನಡುವೆ ಬಂದು ಮಗನನ್ನು ಸೆರಗಿನೊಳಗೆ ಎಳೆದುಕೊಂಡಳು. "ದಡ್ಡ ನನ್ ಮಗನೇ! ಏಟಿಗೆಲ್ಲ ಹಂಗನ್ನಬಾರದು. ಒಳ್ಳೇದೇನಾರ ಕೊಟ್ರೆ ಅನ್ನು!"

"ಹೂಂ ಅವ್ವ!"

ಅವತ್ತು ಉಣ್ಣಲು ಕೂತಾಗ ಹಾಲಮ್ಮ ಬಿಸಿ ರೊಟ್ಟಿ ಹಾಕಿದಳು. "ಥ್ಯಾಂಕ್ಯೂ ಅವ್ವ." ಪಲ್ಯ ಹಾಕಿದಳು. "ಥ್ಯಾಂಕ್ಯೂ ಅವ್ವ." ನೀರು ಕೊಟ್ಟಳು. "ಥ್ಯಾಂಕ್ಯೂ ಅವ್ವ."

ಹಾಲಮ್ಮನ ಕೈ ನಿಂತುಬಿಟ್ಟಿತು. ಪರಊರಿನ ಅತಿಥಿ ಎದುರಿಗೆ ಕೂತ ಹಾಗೆ ಕಂಡಿತು. ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು.

"ಯಾಕೋ? ನಾನೇನು ಹೊರಗಿನಾಕೆಯೇನೋ? ಹೆತ್ತವ್ವ ರೊಟ್ಟಿ ಹಾಕಿದ್ದಕ್ಕೆ ಲೆಕ್ಕ ಚುಕ್ತಾ ಮಾಡ್ತೀಯಾ? ಅದು ಹೊರಗಿನೋರಿಗೆ ಹೇಳೋ ಮಾತು ಕಣೋ! ಮನೇರಿಗೆ ಯಾರೂ ಹಂಗನ್ನಲ್ಲ!"

ಹುಡುಗ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದ: "ಮತ್ತೆ ಮನೇರಿಗೆ ಏನನ್ನಬೇಕವ್ವ?"

ಹಾಲಮ್ಮ ಯೋಚಿಸಿದಳು. ನಿಜ, ಏನನ್ನುತ್ತಾರೆ? ಅವಳ ಅವ್ವ ಅವಳಿಗೆ ಏನು ಅನ್ನುತ್ತಿದ್ದಳು?

"ಏನಂತಾರೆ, ಬೈತಾರೆ! ಉಣ್ಣಲಿಲ್ಲ ಅಂದ್ರೆ ಬೈತಾರೆ. ತಡ ಮಾಡಿ ಬಂದ್ರೆ ಬೈತಾರೆ. ಸೊರಗಿದ್ರೆ ಬೈತಾರೆ. ಬೈದು ಉಣ್ಣಾಕಿಕ್ತಾರೆ. ನಾನು ದಿನಾ ನಿಂಗೆ ಮಾಡ್ತಿರೋದು ಮತ್ತೇನು?"

"ಹೂಂ ಅವ್ವ!" ಅಂದ ತಿಪ್ಪೇಶಿ, ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ಗ್ಯಾದರಿಂಗು ಬಂದೇಬಿಟ್ಟಿತು. ಯಾರು ಹಾಡುತ್ತಾರೆ, ಯಾರು ಕುಣಿಯುತ್ತಾರೆ, ಯಾರು ಇಂಗ್ಲಿಷ್ ಭಾಷಣ ಒಪ್ಪಿಸುತ್ತಾರೆ ಅಂತ ಗೊತ್ತು ಮಾಡಿದರು. "ಆ ತಿಪ್ಪೇಶೀನ ಪರದೆ ಎಳೆಯೋಕೆ ನಿಲ್ಲಿಸಿ" ಅಂದರು ಹೆಡ್ಮಾಸ್ಟರು. ಮಿಸ್ಸು ಒಪ್ಪಲಿಲ್ಲ. "ವಂದನಾರ್ಪಣೆ ಇವನು ಮಾಡಲಿ ಸಾರ್, ಇಂಗ್ಲಿಷಿನಲ್ಲಿ. ಥ್ಯಾಂಕ್ಯೂ ಅನ್ನೋದು ಇವನಿಗೆ ಚೆನ್ನಾಗಿ ಬರುತ್ತೆ."

ನಮ್ಮ ಕಡೆ ವಂದನಾರ್ಪಣೆ ಅಂದರೆ ಹುಡುಗಾಟಿಕೆಯಲ್ಲ. ಒಂದು ಹೆಸರು ಬಿಟ್ಟರೆ ಊರಿಗೆ ಊರೇ ಮುನಿಸಿಕೊಳ್ಳುತ್ತದೆ. ಹಿಂದಿನ ವರ್ಷ ಶಾಮಿಯಾನದವನ ಹೆಸರು ಬಿಟ್ಟುಹೋಗಿ, ಅವನು ಊಟಕ್ಕೆ ಕೂತ ಜನರ ತಲೆಯ ಮೇಲಿಂದಲೇ ಶಾಮಿಯಾನ ಬಿಚ್ಚಿಕೊಂಡು ಹೋಗಿದ್ದ. ಅದಕ್ಕೇ ಮಿಸ್ಸು ಹೇಳಿದರು: "ತಿಪ್ಪೇಶಿ, ಇವತ್ತು ನಮಗೆ ಉಪಕಾರ ಮಾಡಿದ ಹೊರಗಿನವರನ್ನೆಲ್ಲ ನೆನೆಸಿಕೋ. ಯಾರನ್ನೂ ಬಿಡಬೇಡ."

"ಹೂಂ ಮಿಸ್!"

ಅವತ್ತು ಮಧ್ಯಾಹ್ನ ಮಕ್ಕಳೆಲ್ಲ ಬಿಸಿಲಿನಲ್ಲಿ ಸಾಲಾಗಿ ಕೂತಿದ್ದರು. ಮುಖ್ಯ ಅತಿಥಿಗಳು ಪೇಟೆಯಿಂದ ಬರಬೇಕು, ಇಲಾಖೆಯ ದೊಡ್ಡ ಸಾಹೇಬರು. ಈಗ ಬಂದರು, ಇನ್ನೇನು ಬಂದರು. ಹಚ್ಚಿದ ಪೌಡರು ಬೆವರಿಗೆ ಇಳಿಯಿತು, ಹಾರದ ಹೂ ಬಾಡಿತು. ಹೊತ್ತು ಇಳಿಯುವಾಗ ಸಾಹೇಬರ ಜೀಪು ಬಂತು. ಸಾಹೇಬರು ನಿದ್ದೆಗಣ್ಣು ಉಜ್ಜುತ್ತ ಇಳಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

ಮಕ್ಕಳು ಇಂಗ್ಲಿಷ್ ಭಾಷಣ ಒಪ್ಪಿಸಿದರು. ಒಬ್ಬಳು ಮಧ್ಯೆ ಮರೆತು ಮತ್ತೆ ಮೊದಲಿನಿಂದ ಶುರುಮಾಡಿದಳು. ಮುಂದಿನ ಸಾಲಿನಲ್ಲಿ ಅಜ್ಜಪ್ಪ ಮೀಸೆ ತಿರುವುತ್ತ, "ಎಲ್ಲಾ ಗಿಣಿ ಪಾಠ" ಅಂದ. ಪಕ್ಕದಲ್ಲಿ ಹಾಲಮ್ಮ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಭಟ್ಟಿಯ ಉರಿ ಅವಳ ಕಣ್ಣ ಮುಂದೆಯೇ ಇತ್ತು.

ಕೊನೆಗೆ ತಿಪ್ಪೇಶಿ ಬಂದ. ಮೈಕಿನ ಮುಂದೆ ನಿಂತ.

"ಥ್ಯಾಂಕ್ಯೂ ಸಾಹೇಬ್ ಸಾರ್! ಥ್ಯಾಂಕ್ಯೂ ಮೆಂಬರ್ ಸಾರ್! ಥ್ಯಾಂಕ್ಯೂ ಶಾಮಿಯಾನ ಅಂಕಲ್!" ಶಾಮಿಯಾನದವನ ಮುಖ ಅರಳಿತು. "ಥ್ಯಾಂಕ್ಯೂ ಮೈಕ್ ಅಂಕಲ್! ಥ್ಯಾಂಕ್ಯೂ ಮೈಕ್! ಥ್ಯಾಂಕ್ಯೂ ವೈರ್! ಥ್ಯಾಂಕ್ಯೂ ಚೇರ್, ಚೇರ್, ಚೇರ್..." ಒಂದೊಂದು ಕುರ್ಚಿಗೂ ಬೆರಳು ತೋರಿಸಿ ಹೇಳುತ್ತ ಹೋದ. ಯಾರನ್ನೂ ಬಿಡಬೇಡ ಅಂದಿದ್ದರಲ್ಲ! ಕುರ್ಚಿ ಮುಗಿದವು, ಶಾಮಿಯಾನದ ಕಂಬ ಶುರುವಾದವು. ಒಳಗೆ ಅನ್ನ ಆರುತ್ತಿತ್ತು. ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಕಂಬಗಳೂ ಮುಗಿದವು. ಹುಡುಗ ಬಾಯಿ ಮುಚ್ಚಿದ. ಎಲ್ಲರ ಹೆಸರೂ ಬಂತು, ಒಬ್ಬರದು ಬರಲಿಲ್ಲ. ವೇದಿಕೆಯ ಮೂಲೆಯಲ್ಲಿ ನಿಂತಿದ್ದ ಮೆಹರುನ್ನೀಸಾ ಮಿಸ್ಸಿನದು!

ಜನ ಗುಸುಗುಸು ಅಂದರು. ಹೆಡ್ಮಾಸ್ಟರು ಪಿಸುಗುಟ್ಟಿದರು, "ಲೇ, ನಿಮ್ಮ ಮಿಸ್ಸಿಗೆ ಥ್ಯಾಂಕ್ಯೂ ಹೇಳೋ!"

"ನೋ!" ಅಂದ ತಿಪ್ಪೇಶಿ. ಮೈಕಿನಲ್ಲೇ ಅಂದ. ಊರಿಗೆಲ್ಲ ಕೇಳಿಸಿತು.

ಹಾಲಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ಮಾಡಿದ ಮಿಸ್ಸಿಗೆ ಹೀಗಾ? "ಹೋತು ಬಿಡು" ಅಂದ ಅಜ್ಜಪ್ಪ.

ಆಗ ತಿಪ್ಪೇಶಿ ಮಿಸ್ಸಿನ ಕಡೆ ತಿರುಗಿದ. ಎಡಗೈ ಸೊಂಟದ ಮೇಲೆ ಇಟ್ಟ. ಬಲಗೈ ಬೀಸಿದ. ತಲೆ ಆಡಿಸಿದ. ಗಂಟಲು ಏರಿಸಿದ.

"ಮಿಸ್! ವೈ ಯು ನೋ ಈಟಿಂಗ್? ಡೈಲಿ ಯುವರ್ ಬಾಕ್ಸ್ ಚಿಲ್ಡ್ರನ್ ಗಿವಿಂಗ್! ಯು ವಾಟರ್ ಡ್ರಿಂಕಿಂಗ್! ಬಸ್ ಸ್ಟ್ಯಾಂಡಿಂಗ್! ಸ್ಕೂಲ್ ಸ್ಟ್ಯಾಂಡಿಂಗ್! ಆಲ್ ಡೇ ಸ್ಟ್ಯಾಂಡಿಂಗ್! ಲುಕ್ ಯುವರ್ ಹ್ಯಾಂಡ್! ಸ್ಟಿಕ್! ಕಮ್ ಮೈ ಹೌಸ್! ಸಿಟ್! ಈಟ್!"

ಜನ ದಂಗಾದರು. ಮಿಸ್ಸಿಗೇ ಬೈಯುತ್ತಿದ್ದಾನಲ್ಲ, ಅದೂ ಸಾಹೇಬರ ಮುಂದೆ! ಹಾಲಮ್ಮನಿಗೆ ಇಂಗ್ಲಿಷ್ ತಿಳಿಯದು. ಆದರೆ ಆ ಸೊಂಟದ ಮೇಲಿನ ಕೈ, ಆ ತಲೆ ಆಡಿಸುವುದು, ಆ ಗದರು ಅವಳಿಗೆ ತಿಳಿಯದೇ? ಅದು ಅವಳದೇ! ದಿನಾ ರೊಟ್ಟಿ ಬಡಿಯುತ್ತ ಮಗನಿಗೆ ಅವಳು ಬೈಯುವ ಬೈಗುಳ! ಮನೆಯವರಿಗೆ ಏನನ್ನಬೇಕು ಅಂತ ಕೇಳಿದ್ದನಲ್ಲ. ಮಿಸ್ಸನ್ನು ಇವನು ಹೊರಗಿನವರ ಸಾಲಿನಲ್ಲಿ ಸೇರಿಸಲೇ ಇಲ್ಲ.

ತಾನು ವರ್ಷವೆಲ್ಲ ಹೇಳಬೇಕೆಂದುಕೊಂಡು ಹೇಳಲಾರದೆ ಉಳಿದದ್ದನ್ನು ಪೆದ್ದ ಮಗ ಹೇಳಿ ಮುಗಿಸಿದ್ದ. ಹಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂಲೆಯಲ್ಲಿ ಮಿಸ್ಸೂ ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಅಳುವಿನ ಮಧ್ಯೆಯೇ ನಗುತ್ತಿದ್ದರು.

ಸಾಹೇಬರು ಕೇಳಿದರು: "ಏನಮ್ಮಾ, ಇದನ್ನ ನೀವು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದಾ?"

"ಇಲ್ಲ ಸಾರ್! ನನಗೆ ಬೈಯೋದನ್ನ ನಾನೇ ಬರೆದುಕೊಡ್ತೀನಾ? ಒಂದೊಂದು ಮಾತೂ ಅವನದೇ."

ಸಾಹೇಬರು ಚಪ್ಪಾಳೆ ತಟ್ಟಿದರು. ಊರೆಲ್ಲ ತಟ್ಟಿತು. ಹಾಲಮ್ಮ ಅಣ್ಣನ ಮುಖ ನೋಡಿದಳು. ಅಜ್ಜಪ್ಪ ಮೀಸೆಯಿಂದ ಕೈ ತೆಗೆದ. "ಭಟ್ಟೀಗೆ ಬ್ಯಾರೆ ಆಳು ನೋಡ್ಕಂತೀನಿ ಬಿಡವ್ವ" ಅಂದ. ಅವನ ದನಿಯೂ ಸ್ವಲ್ಪ ಒದ್ದೆಯಾಗಿತ್ತು. ಹಾಲಮ್ಮ ಅಣ್ಣನಿಗೆ ಕೈ ಮುಗಿದಳು, ಮಿಸ್ಸಿಗೆ ಕೈ ಮುಗಿದಳು, ಇನ್ನೂ ಯಾರಿಗೆ ಮುಗಿಯಬೇಕು ತಿಳಿಯದೆ ಶಾಮಿಯಾನದ ಕಂಬಕ್ಕೂ ಮುಗಿದಳು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಸಾಹೇಬರ ಮನಸ್ಸು ಕರಗಿಹೋಗಿತ್ತು. ಹುಡುಗ ಯಾಕೆ ಹೀಗೆ ಮಾಡಿದ ಅಂತ ಹೆಡ್ಮಾಸ್ಟರು ಹಾಲಮ್ಮನನ್ನು ಕೇಳಿ, ಸಾಹೇಬರ ಕಿವಿಯಲ್ಲಿ ಹೇಳಿದರು. ಸಾಹೇಬರು ಎದ್ದು ಬಂದು ತಿಪ್ಪೇಶಿಯ ಹೆಗಲ ಮೇಲೆ ಕೈ ಹಾಕಿದರು. ಮೈಕು ಹತ್ತಿರವೇ ಇತ್ತು.

"ಮರಿ, ನನಗೆ ಥ್ಯಾಂಕ್ಯೂ ಅಂದು ಹೊರಗಿನವನನ್ನಾಗಿ ಮಾಡಿಬಿಟ್ಟೆಯಲ್ಲಪ್ಪ! ನಾನೂ ನಿಮ್ಮ ಮನೆಯವನೇ ಅಂತ ತಿಳ್ಕೋ."

ದೊಡ್ಡವರು ಇಂಥ ಮಾತು ಆಡುತ್ತಾರೆ. ಕೇಳಿದವರು ಕೈ ಮುಗಿದು ಸುಮ್ಮನಾಗುತ್ತಾರೆ. ಇದು ಊರಿಗೆಲ್ಲ ಗೊತ್ತು, ಒಬ್ಬ ತಿಪ್ಪೇಶಿಗೆ ಗೊತ್ತಿಲ್ಲ.

"ಹೂಂ ಸಾರ್!" ಅಂದ.

ಹಾಲಮ್ಮ ಎದ್ದು ನಿಂತು, "ಬ್ಯಾಡಲೇ, ತಿಪ್ಪೇಶಿ, ಬ್ಯಾಡಲೇ!" ಅಂತ ಕೂಗುವಷ್ಟರಲ್ಲಿ ಹುಡುಗನ ಎಡಗೈ ಸೊಂಟಕ್ಕೆ ಹೋಗಿಯಾಗಿತ್ತು.

"ಏಯ್ ಸಾಹೇಬ್! ವೈ ಲೇಟ್? ಆಲ್ ಚಿಲ್ಡ್ರನ್ ಸನ್ ಸಿಟ್ಟಿಂಗ್! ಯು ಜೀಪ್ ಸ್ಲೀಪಿಂಗ್! ಗೋ! ವಾಶ್ ಹ್ಯಾಂಡ್! ಸಿಟ್! ಈಟ್!"

ಅಂಥ ಚಪ್ಪಾಳೆ ಆ ಊರಿನಲ್ಲಿ ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಸಾಹೇಬರು ಕೈ ತೊಳೆಯಲು ಹೋದರು.